ಹದಿನೆಂಟು ಅಂಕದ ಸಿನಿಮಾ ಮತ್ತು ಶಾಂತವ್ವನ ಮಾತು

2023ರ ಜನವರಿ. ಆಳಂದದಲ್ಲಿ ನಾನು ಲೈನ್ ಪ್ರೊಡ್ಯೂಸರ್ ಆಗಿ ಎಂಟು ವರ್ಷ ತುಂಬಿತ್ತು. ಲೈನ್ ಪ್ರೊಡ್ಯೂಸರ್ ಎಂದರೆ ಹೊರಗಿನಿಂದ ಬಂದ ಸಿನಿಮಾದವರಿಗೆ ಜಾಗ, ಜನ, ವಾಹನ, ಊಟ, ಪರವಾನಗಿ ಎಲ್ಲ ಹೊಂದಿಸಿ ಕೊಡುವವಳು. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಡಗಂಚಿಯಲ್ಲಿ ಯೂನಿವರ್ಸಿಟಿ ಹುಡುಗರಿಗೆ ಮೆಸ್ ನಡೆಸುತ್ತಿದ್ದೆ. ಒಂದು ಡಾಕ್ಯುಮೆಂಟರಿ ತಂಡ ಊಟಕ್ಕೆ ಬಂದು ಜನರೇಟರ್ ಎಲ್ಲಿ ಸಿಗುತ್ತದೆಂದು ಕೇಳಿತು. ಅರ್ಧ ಗಂಟೆಯಲ್ಲಿ ತರಿಸಿಕೊಟ್ಟೆ. ಮುಂದಿನದೆಲ್ಲ ಬಾಯಿಂದ ಬಾಯಿಗೆ ಬಂದ ಕೆಲಸ. ಈ ಕಸುಬಿಗೆ ಬರುವವರಿಗೆ ನನ್ನದೊಂದು ಸಲಹೆ: ಎದುರಿನವರು ರೇಟು ಕೇಳಿದ ಕೂಡಲೇ ಹೇಳಬೇಡಿ. ಚಹಾ ಕುಡಿಸಿ. ಗ್ಲಾಸು ಕೆಳಗಿಡುವಷ್ಟರಲ್ಲಿ ಅವರಿಗೆ ಎಷ್ಟು ಅವಸರವಿದೆ ಎಂಬುದು ತಿಳಿಯುತ್ತದೆ.

ಆ ವರ್ಷ ಬಂದವರು ಬರ್ಮಿಂಗ್‌ಹ್ಯಾಮಿನ ನಿರ್ದೇಶಕಿ ಸಮೀನಾ. ನಲವತ್ತರ ಆಸುಪಾಸಿನ ಹೆಣ್ಣುಮಗಳು, ತೆಳು ಮೈ, ಮಾತು ಕಡಿಮೆ. ಆಕೆಯ ತಾಯಿ ಜುಬೇದಾ ನಮ್ಮ ಅಫಜಲಪುರ ತಾಲೂಕಿನ ಘತ್ತರಗಿಯವರು. ನರ್ಸ್ ಆಗಿ ಇಂಗ್ಲೆಂಡಿಗೆ ಹೋದವರು ಅಲ್ಲೇ ಮದುವೆಯಾದರು. ಗಂಡ ಬೇರೆ ನಾಡಿನವರಾದ್ದರಿಂದ ಮನೆಯಲ್ಲಿ ಇಂಗ್ಲಿಷೇ ನಡೆಯಿತು. ಊರಿಗೆ ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ತೀರಿಕೊಂಡರು. ಮಗಳಿಗೆ ಕನ್ನಡದ ಒಂದು ವಾಕ್ಯವೂ ಬಾರದು. ಆದರೂ ಯಾರಾದರೂ ಹತ್ತಿರದಲ್ಲಿ ಕನ್ನಡ ಮಾತಾಡಿದರೆ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. "ಅರ್ಥವಾಗುವುದಿಲ್ಲ. ಆದರೆ ಅಮ್ಮ ಪಕ್ಕದ ಕೋಣೆಯಲ್ಲಿ ಇದ್ದಂತೆ ಅನಿಸುತ್ತದೆ" ಎಂದು ಇಂಗ್ಲಿಷಿನಲ್ಲಿ ಒಮ್ಮೆ ನನಗೆ ಹೇಳಿದ್ದಳು.

ಸಿನಿಮಾದ ಕಥೆಯೂ ಅದೇ. ತಾಯಿಗೆ ಮಾಡಲಾಗದೇ ಹೋದ ಪ್ರಯಾಣವನ್ನು ಪರದೆಯ ಮೇಲೆ ಮಾಡಿಸುವುದು. ಬ್ರಿಟನ್ನಿನ ನರ್ಸ್ ಒಬ್ಬಳು ನಲವತ್ತು ವರ್ಷದ ಮೇಲೆ ಭೀಮಾ ದಂಡೆಗೆ ಮರಳಿ ಬಾಲ್ಯದ ಗೆಳತಿಯನ್ನು ಕಾಣುತ್ತಾಳೆ. ನರ್ಸ್ ಪಾತ್ರಕ್ಕೆ ಲಂಡನ್ನಿನ ನಟಿ ಇದ್ದರು. ಗೆಳತಿಯ ಪಾತ್ರಕ್ಕೆ ಸಮೀನಾ ಹಟ ಹಿಡಿದದ್ದು ತಾಯಿಯ ನಿಜವಾದ ಗೆಳತಿಯೇ ಬೇಕೆಂದು. ಆಕೆ ಶಾಂತವ್ವ. ಘತ್ತರಗಿಯ ಗುಡಿ ಮುಂದೆ ಕಾಯಿ, ಹಸಿರು ಬಳೆ, ಕುಪ್ಪಸದ ಖಣ ಇಟ್ಟು ಮಾರುವವಳು.

ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಮೂರು ದಿನ, ಆಳಂದದ ಓಣಿಗಳಲ್ಲಿ ನಾಲ್ಕು ದಿನ ಶೂಟಿಂಗ್ ಸುಸೂತ್ರ ಮುಗಿಯಿತು. ಭೂಸನೂರ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿದ್ದೊಂದೇ ತೊಂದರೆ. ಕೊನೆಗೆ ಘತ್ತರಗಿಯಲ್ಲಿ ರಿಹರ್ಸಲ್. ನಟಿಯನ್ನು ಎದುರಿಗೆ ಕೂಡಿಸಿ, "ಗೆಳತಿ ಬಂದಾಳ ಅಂತ ತಿಳ್ಕೊಂಡು ಮಾತಾಡವಾ" ಎಂದೆ. ಶಾಂತವ್ವ ಶುರು ಮಾಡಿದಳು.

"ಏನಬೇ ಜುಬೇದಾ, ದಾರಿ ಮರತಿದ್ದೇನ? ನಾ ಸತ್ತೀನೇನಂತ ನೋಡಾಕ ಬಂದಿಯೇನ? ನೋಡ, ಹಲ್ಲ ಎರಡ ಹೋಗ್ಯಾವ, ಉಳದದ್ದೆಲ್ಲ ಗಟ್ಟಿ ಅದ!"

ನಿಲ್ಲಿಸಿದಾಗ ಹನ್ನೊಂದು ನಿಮಿಷ ಆಗಿತ್ತು. ಒಂದಕ್ಷರ ಅರ್ಥವಾಗದೆಯೂ ಸಮೀನಾ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿರ್ಮಾಪಕ ಗ್ರೇಯಂ ಲ್ಯಾಪ್‌ಟಾಪ್ ನೋಡುತ್ತ ಹಣೆ ಉಜ್ಜಿಕೊಳ್ಳುತ್ತಿದ್ದ.

ಸಮಸ್ಯೆ ಏನೆಂದು ಆತ ಊಟದ ಹೊತ್ತಿಗೆ ಬಿಡಿಸಿ ಹೇಳಿದ. ಸಿನಿಮಾ ಬ್ರಿಟಿಷ್ ಅನಿಸಿಕೊಳ್ಳಲು ಬ್ರಿಟಿಷರು ಮಾಡಿದರಷ್ಟೇ ಸಾಲದು. ಅದಕ್ಕೊಂದು 'ಕಲ್ಚರಲ್ ಟೆಸ್ಟ್' ಇದೆ, ನಮ್ಮ ಪರೀಕ್ಷೆಯಂತೆಯೇ ಅಂಕ. ಒಟ್ಟು ಮೂವತ್ತೈದು, ಪಾಸಾಗಲು ಹದಿನೆಂಟು. ಕಥೆ ಎಲ್ಲಿ ನಡೆಯುತ್ತದೆ, ಪಾತ್ರಗಳು ಎಲ್ಲಿಯವರು, ನಿರ್ದೇಶಕರು, ಬರೆದವರು, ಸಂಗೀತ ಕೊಟ್ಟವರು ಯಾವ ದೇಶದವರು, ಎಡಿಟಿಂಗ್ ಎಲ್ಲಿ ಆಯಿತು, ಎಲ್ಲಕ್ಕೂ ಒಂದೊಂದು ಕಲಂ. ಅದರಲ್ಲಿ ದೊಡ್ಡ ಪಾಲು ಭಾಷೆಗೆ: ಸಂಭಾಷಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದರೆ ಆರು ಅಂಕದವರೆಗೆ, ಕಡಿಮೆಯಾದರೆ ಅಂಕವೂ ಕಡಿಮೆ. ಪಾಸಾದರೆ ಅಲ್ಲಿನ ಸರ್ಕಾರದ ತೆರಿಗೆ ನೆರವು. ಆ ನೆರವು ನಂಬಿಯೇ ಇವರು ಇಲ್ಲಿಗೆ ಬಂದಿದ್ದು. ಫೇಲಾದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ.

"ನಮ್ಮ ಲೆಕ್ಕ ಹತ್ತೊಂಬತ್ತಕ್ಕೆ ನಿಂತಿತ್ತು. ಈ ಹನ್ನೊಂದು ನಿಮಿಷ ಸೇರಿದರೆ ಹದಿನಾರು" ಎಂದ ಗ್ರೇಯಂ.

ಅಂಕವಾದರೇನು, ತೊಗರಿಯಾದರೇನು, ಚೌಕಾಸಿ ಚೌಕಾಸಿಯೇ. ನಾನು ಕುರ್ಚಿ ಎಳೆದು ಕುಳಿತೆ. ಸಂಗೀತದವರು? ಎಣಿಸಿ ಆಗಿದೆ. ಎಡಿಟಿಂಗ್? ಅದೂ ಆಗಿದೆ. ಕೆಲಸಗಾರರಲ್ಲಿ ಹೆಚ್ಚಿನವರು ಬ್ರಿಟಿಷರಿದ್ದರೆ ಒಂದು ಅಂಕ ಉಂಟು. ಆದರೆ ಅದಕ್ಕೆ ನಮ್ಮ ಮಂದಿಯನ್ನು ಮನೆಗೆ ಕಳಿಸಬೇಕು, ಕಳಿಸಿದರೂ ಹದಿನೇಳೇ. ಶಾಂತವ್ವನ ಮಾತಿಗೆ ಇಂಗ್ಲಿಷ್ ಡಬ್ಬಿಂಗ್ ಮಾಡೋಣವೆಂದ ಗ್ರೇಯಂ. ಸಮೀನಾ ಎದ್ದು ನದಿಯ ಕಡೆ ನಡೆದುಬಿಟ್ಟಳು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಕೇಳಿದೆ: "ಆಕೆ ಸುಮ್ಮನಿದ್ದರೆ? ಮೌನಕ್ಕೆ ಅಂಕ ಕಡಿಯುತ್ತಾರೇನು?"

ಗ್ರೇಯಂ ಲ್ಯಾಪ್‌ಟಾಪಿನಲ್ಲಿ ನಿಯಮ ತೆಗೆದು ಓದಿದ. ಮಾತಾಡಿದ್ದು ಮಾತ್ರ ಸಂಭಾಷಣೆ. ಮೌನ ಯಾವ ಭಾಷೆಯ ಲೆಕ್ಕಕ್ಕೂ ಬರುವುದಿಲ್ಲ. ಆಕೆಯ ಮಾತು ಚಿತ್ರವನ್ನು ಪರದೇಶದ್ದು ಮಾಡುತ್ತಿತ್ತು, ಆಕೆಯ ಮೌನ ಬ್ರಿಟಿಷ್ ಮಾಡುತ್ತದೆ. ಮಾತಿನ ಬದಲು ಉಡಿ ತುಂಬಿಸೋಣ ಎಂದೆ. ನಮ್ಮಲ್ಲಿ ಊರ ಹೆಣ್ಣುಮಗಳು ಬಂದು ಹೊರಟಾಗ ಜಾತಿ ಕೇಳದೆ ಸೆರಗಿಗೆ ಅಕ್ಕಿ, ಕಾಯಿ, ಖಣ ಹಾಕಿ ಕಳಿಸುತ್ತಾರೆ. ನೋಡಿದವರಿಗೆ ತಾನೇ ತಿಳಿಯುತ್ತದೆ. ನದಿಯಿಂದ ಮರಳಿದ ಸಮೀನಾ ಕೇಳಿ ತಲೆಯಾಡಿಸಿದಳು. ಆಕೆ ಒಪ್ಪಿದಳೆಂದು ನಾನು ತಿಳಿದೆ. ಬೇರೆ ದಾರಿಯಿಲ್ಲದ್ದಕ್ಕೂ ಒಪ್ಪಿಗೆಗೂ ತಲೆ ಆಡುವುದು ಒಂದೇ ಬಗೆ.

ಶಾಂತವ್ವನಿಗೆ ಹೇಳುವುದೇ ಕಷ್ಟವಾಯಿತು.

"ಸುಮ್ನ ಉಡಿ ತುಂಬೂದೇನ್ರಿ? ಸುಮ್ನ ತುಂಬಾಕ ಅದೇನ ಗೋಣಿಚೀಲೇನ್ರಿ ಅಕ್ಕಾರ?"

"ಅವರ ಸರ್ಕಾರದ ಕಾಯ್ದೆ ಅದವಾ."

"ನಾ ಮಾತಾಡಿದ್ರ ಅವರ ಸರ್ಕಾರಕ್ಕ ಏನ ಬ್ಯಾನಿ?" ಎಂದು ಗೊಣಗಿ, ಕೊನೆಗೆ, "ಜುಬೇದಾನ ಮಗಳ ಕೆಲಸ ಕೆಡಬಾರ್ದು. ಆಯ್ತು ತೊಗೋರಿ, ಬಾಯಿಗಿ ಹೊಲಿಗಿ ಹಾಕ್ಕೋತೇನಿ" ಎಂದಳು.

ಮಾತಿಲ್ಲದ ದೃಶ್ಯ ಎಂದ ಮೇಲೆ ಸೌಂಡ್ ರೆಕಾರ್ಡಿಸ್ಟ್ ಯಾಕೆ? ನದಿ, ಗಾಳಿಯ ಸದ್ದು ಹಿಂದಿನ ದಿನವೇ ತುಂಬಿಕೊಂಡಾಗಿತ್ತು. ಆತನನ್ನು ಮೈಕುಗಳ ಸಮೇತ ಹೈದರಾಬಾದ್ ಗಾಡಿ ಹತ್ತಿಸಿದೆ. ಒಂದು ದಿನದ ಬಾಡಿಗೆ ಉಳಿಯಿತು, ಗ್ರೇಯಂ ಶಹಬ್ಬಾಸ್ ಎಂದ. ಸೆಟ್ಟಿನಲ್ಲಿ ಎಲ್ಲರ ಮೊಬೈಲೂ ಒಂದು ಬುಟ್ಟಿಗೆ ಹಾಕಿಸಿ ವ್ಯಾನಿನಲ್ಲಿಡುವುದು ನನ್ನದೇ ನಿಯಮ. ಅಂದೂ ಹಾಕಿಸಿದೆ.

ದೃಶ್ಯ ಮೊದಲ ಟೇಕಿನಲ್ಲೇ ಮುಗಿಯಿತು. ಭೀಮೆಯ ಮೆಟ್ಟಿಲ ಮೇಲೆ ಶಾಂತವ್ವ ತುಟಿ ಬಿಗಿದು ನಟಿಯ ಸೆರಗಿಗೆ ಅಕ್ಕಿ ಸುರಿದಳು. ಕಾಯಿ ಇಟ್ಟಳು. ಮೇಲೆ ಖಣ ಮಡಚಿಟ್ಟು ಸೆರಗಿನ ಗಂಟು ತಾನೇ ಬಿಗಿದಳು. ಕಟ್ ಎಂದರು. ಕ್ಯಾಮೆರಾ ಬಿಚ್ಚತೊಡಗಿದರು.

ಆಗ ಶಾಂತವ್ವ ಕ್ಯಾಮೆರಾದ ಹಿಂದಿದ್ದ ಸಮೀನಾಳ ಕೈ ಹಿಡಿದು ಎಳೆದಳು. "ಬಾ ಇಲ್ಲಿ. ನಾಟಕ ಮುಗೀತಲ್ಲ. ಖರೇ ಮಗಳಿಗಿ ತುಂಬೂದ ಉಳದದ." ಸಮೀನಾಳಿಗೆ ಸೆರಗಿರಲಿಲ್ಲ, ಕೊರಳಿನ ದುಪಟ್ಟಾ ಬಿಚ್ಚಿ ಹಿಡಿದಳು. ಶಾಂತವ್ವ ಅಕ್ಕಿ ಹಾಕುತ್ತ ಮಾತಿಗೆ ಶುರುವಾದಳು. ರಿಹರ್ಸಲಿನಲ್ಲಿ ಆಡಿದ ಮಾತಲ್ಲ, ಬೇರೆಯೇ. ಹೊಳೆ ದಾಟಿ ಬಾರೆಹಣ್ಣು ಕದ್ದದ್ದು. ಜುಬೇದಾ ನರ್ಸಿಂಗಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಕೈ ಬಿಡದೆ ಇದ್ದದ್ದು. ಕೈ ಹಿಡಿದುಕೊಂಡೇ ಏನೋ ಹೇಳಿದ್ದು.

ತರ್ಜುಮೆ ಮಾಡಬೇಕಾದವಳು ನಾನು. ನನ್ನ ಕಣ್ಣು ವ್ಯಾನಿಗೆ ಸಾಮಾನು ಏರಿಸುವವರ ಮೇಲಿತ್ತು. ಸಮೀನಾ ಮುಖವೆತ್ತಿ, "ಏನೆನ್ನುತ್ತಿದ್ದಾರೆ?" ಎಂದು ಕೇಳಿದಾಗಲೆಲ್ಲ ಸಾರಾಂಶ ಒಪ್ಪಿಸಿದೆ. "ನಿಮ್ಮ ತಾಯಿ ತುಂಬಾ ಒಳ್ಳೆಯವರಂತೆ. ಊರನ್ನು ನೆನೆಯುತ್ತಿದ್ದರಂತೆ." ಅರ್ಧ ಗಂಟೆಯ ಮಾತು ನನ್ನ ಬಾಯಲ್ಲಿ ನಾಲ್ಕು ವಾಕ್ಯವಾಯಿತು. ಶಾಂತವ್ವ ಕೊನೆಗೆ ಆಕೆಯ ಗದ್ದ ಹಿಡಿದು ಏನೋ ಹೇಳಿ, ತನ್ನ ಹಣೆಗೆ ಬೆರಳೊತ್ತಿ ಲಟಿಕೆ ಮುರಿದಳು. ಅದನ್ನು ನಾನು ತರ್ಜುಮೆಯನ್ನೇ ಮಾಡಲಿಲ್ಲ. ಹಾರೈಕೆ ಎಂದೆ, ಅಷ್ಟೇ.

ಮರುವರ್ಷ ಸಿನಿಮಾ ಪಾಸಾಯಿತು. ಬ್ರಿಟಿಷ್ ಚಿತ್ರವೆಂದು ಸರ್ಟಿಫಿಕೇಟ್ ಬಂತು. ಜನ ಮೆಚ್ಚಿದ್ದು ಆ ಮೌನದ ದೃಶ್ಯವನ್ನೇ ಎಂದು ಗ್ರೇಯಂ ಬರೆದ. ಅದಾಗಿ ಕೆಲವು ವಾರಕ್ಕೆ ಸಮೀನಾ ಫೋನ್ ಮಾಡಿದಳು.

"ನನ್ನ ಗದ್ದ ಹಿಡಿದು ಆಕೆ ಹೇಳಿದ್ದು ಏನು? ಅದರಲ್ಲಿ ಅಮ್ಮನ ಹೆಸರಿತ್ತು. ಎರಡು ಸಲ ಬಂತು. ನೀವು ಪಕ್ಕದಲ್ಲೇ ಇದ್ದಿರಿ."

ಇದ್ದೆ. ಆದರೆ ನೆನಪಿರಲಿಲ್ಲ. ಏನಾದರೊಂದು ಕಟ್ಟಿ ಹೇಳಬಹುದಿತ್ತು, ಕಟ್ಟುವುದು ನನಗೆ ಕಷ್ಟವಲ್ಲ. ಕಟ್ಟಲಿಲ್ಲ, ಕೇಳಿಕೊಂಡು ಬಂದು ಹೇಳುತ್ತೇನೆ ಎಂದೆ. ಮರುದಿನವೇ ಘತ್ತರಗಿಗೆ ಕಾರು ತೆಗೆದೆ. ಶಾಂತವ್ವ ಬಳೆ ಒರೆಸುತ್ತಿದ್ದಳು. ವಿಷಯ ಹೇಳಿ, ಮೊಬೈಲು ಮುಂದೆ ಹಿಡಿದು, ಆ ಮಾತು ಇನ್ನೊಮ್ಮೆ ಹೇಳು ಎಂದೆ.

"ಅವತ್ತ ಸುಮ್ಮಿರು ಅಂದ್ರಿ, ಸುಮ್ಮಿದ್ದೆ. ಇವತ್ತ ಮಾತಾಡು ಅಂತೀರಿ. ನಾ ಏನ ರೇಡಿಯೋ ಏನ್ರಿ?"

"ಹಂಗಲ್ಲ ಶಾಂತವ್ವಾ, ಆಕಿ ಅಳಾಕತ್ತಾಳ."

ಬಳೆ ಒರೆಸುವ ಕೈ ನಿಂತಿತು. "ಜುಬೇದಾ ಬಸ್ಸಿನ್ಯಾಗ ಕುಂತು ನನಗ ಹೇಳಿದ್ ಮಾತ್ರಿ ಅದು. ಕೈ ಹಿಡದು ಹೇಳಿದ್ದು. ಫೋನಿನ್ಯಾಗ ಹ್ಯಾಂಗ ಹೇಳ್ಲಿ? ಆಕಿನ ಬರ್ಲಿ. ಬಂದು ಇಲ್ಲಿ ಕುಂದರ್ಲಿ, ಹೇಳ್ತೇನಿ."

ನನ್ನ ಎಲ್ಲ ವಿದ್ಯೆ ತೆಗೆದೆ. ವಿಡಿಯೋ ಕಾಲ್ ಮಾಡೋಣವೆಂದೆ, ಅರ್ಧವಾದರೂ ಹೇಳೆಂದೆ. ಆಕೆ ಒಂದು ಕಾಳಿನಷ್ಟೂ ಇಳಿಯಲಿಲ್ಲ. "ನೀವು ಬಾಳ ಶಾಣ್ಯಾರಿದ್ದೀರಿ ಅಕ್ಕಾರ. ಇದೊಂದ ನನ್ನ ರೇಟಿಗಿ ಬಿಡ್ರಿ."

ಈಗ ಯಾವ ತಂಡ ಬಂದರೂ ನನ್ನ ಕರಾರಿನಲ್ಲಿ ಒಂದು ಸಾಲು ಇರುತ್ತದೆ: ಊರಿನ ಕೊನೆಯ ಮನುಷ್ಯ ಮನೆಗೆ ಹೋಗುವವರೆಗೆ ಸೌಂಡಿನವರನ್ನು ಬಿಡತಕ್ಕದ್ದಲ್ಲ. ಎಳೆಯರಿಗೆ ಹೇಳುವುದೂ ಇಷ್ಟೇ. ಎದುರಿನವರ ಅಂಕಪಟ್ಟಿ ತುಂಬಿಸುವುದು ನಿಮ್ಮ ಕೆಲಸ, ಚೆನ್ನಾಗಿ ತುಂಬಿಸಿ. ಆದರೆ ಅವರು ಏಳು ಸಮುದ್ರ ದಾಟಿ ಬಂದದ್ದು ಯಾವುದಕ್ಕೋ, ಅದಕ್ಕೆ ಆ ಪಟ್ಟಿಯಲ್ಲಿ ಕಲಂ ಇರುವುದಿಲ್ಲ. ಚಹಾ ಕುಡಿಸುವಾಗಲೇ ಅದನ್ನು ಕೇಳಿಕೊಳ್ಳಿ. ನಾನು ಅವಸರ ಅಳೆದೆ, ಆಸೆ ಅಳೆಯಲಿಲ್ಲ.

ಸಮೀನಾ ಇನ್ನೂ ಬಂದಿಲ್ಲ. ಬರುತ್ತೇನೆ ಎನ್ನುತ್ತಾಳೆ, ತಾಯಿಯಂತೆಯೇ. ಕೆಲಸದ ಮೇಲೆ ಘತ್ತರಗಿಗೆ ಹೋದಾಗಲೆಲ್ಲ ಶಾಂತವ್ವ ಅಂಗಡಿ ಬಿಟ್ಟು ಎದ್ದು ಬರುತ್ತಾಳೆ. ನನ್ನನ್ನು ಮಾತಾಡಿಸುವ ಮೊದಲು ಕಾರಿನ ಹಿಂದಿನ ಸೀಟನ್ನು ಬಗ್ಗಿ ನೋಡುತ್ತಾಳೆ.