ದೀಪ ಹಚ್ಚುವ ಹೊತ್ತಿನ ಕೂಗು

ಇದು ನಡೆದದ್ದು ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ. ನಮ್ಮೂರು ಪಾಂಡವಪುರದ ಹತ್ತಿರ, ಸಕ್ಕರೆ ಕಾರ್ಖಾನೆಯ ಸೈರನ್ನು ಕೇಳುವಷ್ಟು ದೂರದಲ್ಲಿದೆ. ನನ್ನ ಮಗ ಪುಟ್ಟಸ್ವಾಮಿಯದು ಕುಲುಮೆ ಕೆಲಸ. ಕಬ್ಬು ಕಡಿಯುವ ಮಚ್ಚು, ಹುಲ್ಲು ಕೊಯ್ಯುವ ಕುಡುಗೋಲು ಮಾಡಿಕೊಡುತ್ತಾನೆ. ನಾನು ಓದಿದ್ದು ಮೂರನೇ ಕ್ಲಾಸು. ಪತ್ರಿಕೆಯಲ್ಲಿ ಬೇರೆಯವರು ಬರೆದ ಅನುಭವಗಳನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಹೆಚ್ಚಿನವು ಕೊನೆಗೆ ಒಳ್ಳೆಯದಾಗಿ ಮುಗಿಯುತ್ತವೆ. ನನ್ನದು ಹಾಗೆ ಮುಗಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಬರೀ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಉಂಡ ತಟ್ಟೆ, ಉಟ್ಟ ಬಟ್ಟೆ, ಎಲ್ಲವನ್ನೂ ಎತ್ತಿ ಎತ್ತಿ ಕೂಗುತ್ತಾರೆ. ಅದರಲ್ಲಿ ನಾನು ಗಟ್ಟಿಗಿತ್ತಿ. ಸುತ್ತಲ ನಾಲ್ಕಾರು ಊರಿನಲ್ಲಿ ಯಾರು ಸತ್ತರೂ, “ತಾಯಮ್ಮನ್ನ ಕರೀರಿ, ಅವ್ಳು ಬಂದ್ರೆ ಅಳು ಬತ್ತದೆ” ಎನ್ನುತ್ತಿದ್ದರು. ನಾನು ಒಂದು ಸಾಲು ಎತ್ತಿಕೊಂಡರೆ ಮಿಕ್ಕವರ ಗಂಟಲೂ ಬಿಚ್ಚುತ್ತಿತ್ತು. ಆದರೆ ಇದಕ್ಕೂ ಕಟ್ಟುಪಾಡು ಇದೆ. ತಿಥಿಯಾಗುವವರೆಗೆ ಎಷ್ಟು ಬೇಕಾದರೂ ಅಳಬಹುದು. ತಿಥಿ ಮುಗಿದು ಮನೆ ಶುದ್ಧಿಯಾದ ಮೇಲೆ ಬಾಯಿಬಿಟ್ಟು ಅಳಬಾರದು. ಅತ್ತರೆ ಹೊರಟ ಜೀವ ತಿರುಗಿ ನೋಡುತ್ತದೆ, ದಾರಿ ಸಾಗುವುದಿಲ್ಲ. ಅದರಲ್ಲೂ ದೀಪ ಹಚ್ಚುವ ಹೊತ್ತಿನಲ್ಲಿ ಹೆಣ್ಣುಮಕ್ಕಳು ಕಣ್ಣೀರು ಹಾಕಲೇಬಾರದು. ಇದು ನಮ್ಮತ್ತೆ ಹೇಳಿದ್ದು. ನಾನು ನಂಬಿದ್ದೆ.

ಪುಟ್ಟಸ್ವಾಮಿಗೆ ಒಬ್ಬಳೇ ಮಗಳು, ಸವಿತ. ನಾಗಮಂಗಲದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಟಿ.ಸಿ.ಎಚ್. ಓದುತ್ತಿದ್ದಳು. ಪಾಸಾದರೆ ಮೇಷ್ಟ್ರ ಕೆಲಸ. ಅವಳ ಕೊರಳು ಚೆನ್ನಾಗಿತ್ತು. ಕಾಲೇಜಿನಲ್ಲಿ ದಿನಾ ಪ್ರಾರ್ಥನೆ ಹೇಳುತ್ತಿದ್ದವಳು ಅವಳೇ. ಊರಿಗೆ ಬಂದಾಗ ಅಪ್ಪನ ಸುತ್ತಿಗೆ ಏಟಿಗೆ ಸರಿಯಾಗಿ ಏನಾದರೂ ಹಾಡಿಕೊಂಡು ಕೂತಿರುತ್ತಿದ್ದಳು. ಹಿಂದಿನ ವರ್ಷದ ದೀಪಾವಳಿಗೆ ಬಂದವಳು ಹಾಸ್ಟೆಲಿನ ಸುದ್ದಿ ಹೇಳಿದಳು.

“ಅಜ್ಜಿ, ಕರೆಂಟ್ ಓಯ್ತು ಅಂದ್ರೆ ನಾವು ಹುಡ್ಗೀರೆಲ್ಲಾ ಒಟ್ಗೇ ಕಿರುಚ್ಕೋತೀವಿ. ವಾರ್ಡನ್ನು ಬ್ಯಾಟ್ರಿ ಇಡ್ಕೊಂಡು ಬರೋಗಂಟ ಬುಡಾದೇ ಇಲ್ಲ.”

“ಯಾಕಮ್ಮಿ, ದೆವ್ವ ಮೆಟ್ಕತದಾ ನಿಮ್ಗೆ?” ಎಂದೆ.

“ಅಂಗಲ್ಲ ಕಣಜ್ಜಿ. ಓದೀ ಓದೀ ಎದೆ ಕಟ್ಕೊಂಡಿರ್ತದೆ. ಒಂದ್ಸಲ ಕಿರುಚ್ಬುಟ್ರೆ ಅಗುರಾಯ್ತದೆ. ನೀನು ಸಾವಿನ ಮನೇಲಿ ಮಾಡೋದೂ ಅದ್ನೇ ತಾನೆ?”

“ನಾನು ಸತ್ತೋರಿಗೆ ಅಳ್ತೀನಿ, ನೀವು ಕರೆಂಟಿಗೆ ಅಳ್ತೀರಿ. ಓಗು, ಮುದ್ದೆ ಆರೋಯ್ತದೆ.”

ಒಲೆಯ ಮುಂದಿದ್ದ ಸೊಸೆ ಗೌರಿ ನಕ್ಕಳು. “ಅತ್ತೆ, ನೀವೂ ಒಂದಿನ ಆಸ್ಟೆಲ್ಗೆ ಓಗಿ, ಅವ್ಕೆಲ್ಲಾ ರಾಗ ಕಲಿಸ್ಬುಟ್ಟು ಬನ್ನಿ” ಎಂದಳು. ಅವಳು ಹಾಗೇ, ನನ್ನನ್ನು ಚುಚ್ಚದೆ ಇರುತ್ತಿರಲಿಲ್ಲ. ನಾನೂ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ್ದೆವು.

ಮುಂದೆ ಬೇಸಿಗೆಯಲ್ಲಿ ಸವಿತಳ ಕೊನೆಯ ಪರೀಕ್ಷೆ ಶುರುವಾಯಿತು. ಎರಡು ಪೇಪರು ಮುಗಿದಿತ್ತು. ಗೌರಿ ಬೆಳಿಗ್ಗೆ ಹುಲ್ಲಿಗೆ ಹೋದವಳಿಗೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿತು. ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಟಾರು ರಸ್ತೆ ಮುಟ್ಟುವ ಹೊತ್ತಿಗೆ ಉಸಿರು ಹೋಗಿತ್ತು. ಹಿಂದಕ್ಕೆ ತಂದು ಜಗಲಿಯ ಮೇಲೆ ಮಲಗಿಸಿದೆವು. ಆಗ ಪುಟ್ಟಸ್ವಾಮಿ ಎದ್ದು ಅಂಗಿ ಹಾಕಿಕೊಂಡ.

“ನಾಗಮಂಗ್ಲಕ್ಕೆ ಓಗಿ ಮಗೀನ ಕರ್ಕಬತ್ತೀನಿ” ಎಂದ.

“ಕೂತ್ಕಳ್ಲಾ” ಎಂದೆ.

“ಏನವ್ವ ನೀನು? ತಾಯಿ ಮಕ ನೋಡ್ದೆ ಮಣ್ಣು ಮಾಡೋದಾ?”

“ನೋಡಿದ್ರೆ ಎದ್ದು ಬತ್ತಾಳೇನ್ಲಾ? ಪರೀಕ್ಸೆ ಬುಟ್ಟು ಬಂದ್ರೆ ಒಂದು ವರ್ಸ ಓಯ್ತದೆ. ಆಮೇಲೆ ಓದ್ತಾಳೋ ಬುಡ್ತಾಳೋ. ಮಗ್ಳು ಮೇಷ್ಟ್ರಾಗ್ಲಿ ಅಂತ ಇವ್ಳು ಎಮ್ಮೆ ಸಗಣಿ ಬಾಚ್ಕೊಂಡು ಸಾಯ್ಲಿಲ್ವಾ? ಮುಗಿಸ್ಕೊಂಡೇ ಬರ್ಲಿ. ಯಾರೂ ಯೋಳ್ಬ್ಯಾಡಿ.”

ಅವನು ನನ್ನ ಮುಖ ನೋಡಿದ. ನಾನು ಹೇಳಿದ್ದನ್ನು ಅವನು ಯಾವತ್ತೂ ಮೀರಿದವನಲ್ಲ. ಅವತ್ತು ಮೀರಿದ್ದರೆ ಆಗುತ್ತಿತ್ತು. ಪಾಂಡವಪುರದ ಎಸ್.ಟಿ.ಡಿ. ಬೂತಿಗೆ ಹೋಗಿ ಹಾಸ್ಟೆಲಿಗೆ ಫೋನು ಮಾಡಿ ವಾರ್ಡನ್ನಿಗೆ ವಿಷಯ ಹೇಳಿ, ಮಗಳಿಗೆ ತಿಳಿಯದ ಹಾಗೆ ನೋಡಿಕೊಳ್ಳಿ ಎಂದು ಕೇಳಿಕೊಂಡು ಬಂದ. ಆಯಮ್ಮ, “ಆಮೇಲೆ ನನ್ನ ಬೈಬೇಡಿ” ಎಂದರಂತೆ.

ಆ ಮಧ್ಯಾಹ್ನ ನಾನು ಗೌರಿಯ ತಲೆಯ ಹತ್ತಿರ ಕೂತು ಅತ್ತೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅತ್ತಿರಲಿಲ್ಲ. ಊರೆಲ್ಲ ಅತ್ತಿತು. ಹಾದು ಹೋಗುವವರೂ ನಿಂತು ಅತ್ತರು. ಅಳಬೇಕಾದವಳು ನಾಗಮಂಗಲದಲ್ಲಿ ಕೂತು ಓದುತ್ತಿದ್ದಳು. ಐದನೇ ದಿನಕ್ಕೆ ಅವಳ ಕಾರ್ಡು ಬಂತು. “ಅವ್ವ, ಪೇಪರು ಸುಲಭವಾಗಿತ್ತು. ಬಂದ ದಿನ ಒಬ್ಬಟ್ಟು ಮಾಡಬೇಕು, ಅಜ್ಜಿ ಕೈಲಿ ಬೇಡ, ನೀನೇ ಮಾಡಬೇಕು” ಎಂದು ಬರೆದಿದ್ದಳು. ಪುಟ್ಟಸ್ವಾಮಿ ಅದನ್ನು ಮಡಚಿ ಕುಲುಮೆಯ ಗೋಡೆಯ ಗೂಡಿನಲ್ಲಿಟ್ಟ. ಸೂತಕವೆಂದು ಕುಲುಮೆಗೆ ಬೆಂಕಿ ಇರಲಿಲ್ಲ.

ಹನ್ನೊಂದನೇ ದಿನ ತಿಥಿಯಾಯಿತು. ಮನೆಗೆ ಸುಣ್ಣ ಹೊಡೆಸಿದೆವು. ಮಾರನೇ ದಿನ ಪರೀಕ್ಷೆ ಮುಗಿಸಿಕೊಂಡು ಸವಿತ ಬಂದಳು. ಕಾರ್ಖಾನೆಯ ಸಂಜೆ ಸೈರನ್ನು ಆಗಷ್ಟೇ ಆಗಿತ್ತು. ನಾನು ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಬಾಗಿಲಲ್ಲಿ ಟ್ರಂಕು ಇಳಿಸಿದ ಸದ್ದಾಯಿತು.

“ಇದೇನಜ್ಜಿ, ಮನೆಗೆ ಸುಣ್ಣ ಒಡ್ಸವ್ರೆ? ಅವ್ವಾ... ಅವ್ವ ಎಲ್ಲವ್ಳೆ?”

ನಾನು ನಯವಾಗಿ ಹೇಳುವುದನ್ನು ಕಲಿತವಳಲ್ಲ. “ನಿಮ್ಮವ್ವ ಓಗ್ಬುಟ್ಲು ಕಣಮ್ಮಿ. ಅನ್ನೆಲ್ಡು ದಿನಾಯ್ತು. ಆವು ಕಚ್ತು” ಎಂದೆ.

ಅವಳು ಅಪ್ಪನ ಕಡೆ ನೋಡಿದಳು. ಬೋಳಿಸಿದ ತಲೆ ಕಂಡಿತು. ಆಗ ಕೂಗಿದಳು. ನಾನು ಎಷ್ಟೋ ಸಾವು ಕಂಡವಳು, ಅಂಥ ಕೂಗು ಕೇಳಿರಲಿಲ್ಲ. ಅದರಲ್ಲಿ ಮಾತಿರಲಿಲ್ಲ, ರಾಗವಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು.

ನಾನು ಏನು ಮಾಡಬೇಕಾಗಿತ್ತು? ಜೊತೆಗೆ ಕೂಗಬೇಕಾಗಿತ್ತು. ಊರವರಿಗೆಲ್ಲ ಅಳು ತರಿಸಿದವಳಿಗೆ ಅದು ತಿಳಿಯಲಿಲ್ಲ. ತಿಥಿ ಆಗಿದೆ, ದೀಪ ಹಚ್ಚುವ ಹೊತ್ತು ಎನ್ನುವುದೊಂದೇ ತಲೆಯಲ್ಲಿತ್ತು. ಓಡಿ ಹೋಗಿ ಅವಳನ್ನು ಗೋಡೆಗೆ ಒತ್ತಿ, ಸೆರಗು ಸುತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದೆ. “ಕೂಗ್ಬ್ಯಾಡ ಕಣಮ್ಮಿ, ಅವ್ವ ತಿರುಗಿ ನೋಡ್ಬುಡ್ತಾಳೆ. ನಿಮ್ಮವ್ವ ನೆಮ್ದಿಯಾಗಿ ಓಗ್ಲಿ ಬುಡು” ಎಂದೆ. ಅವಳು ನನ್ನ ತೋರುಬೆರಳನ್ನು ಕಚ್ಚಿದಳು. ಸೆರಗು ದಾಟಿ ಹಲ್ಲು ಇಳಿಯಿತು. ನಾನು ಕೈ ತೆಗೆಯಲಿಲ್ಲ. ಪುಟ್ಟಸ್ವಾಮಿ, “ಬುಡವ್ವ, ಬುಡವ್ವ” ಎನ್ನುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವಳ ಹಲ್ಲು ಸಡಿಲವಾಯಿತು, ಮೈಯೂ ಸಡಿಲವಾಯಿತು. ಸುಮ್ಮನಾದಳು. ಗೆದ್ದೆ ಎಂದುಕೊಂಡು ಹೋಗಿ ದೀಪ ಹಚ್ಚಿದೆ.

ಅವತ್ತಿನಿಂದ ಸವಿತಳಿಗೆ ಧ್ವನಿ ಇಲ್ಲ. ಮೂಗಿಯಾಗಲಿಲ್ಲ. ಮಾತಾಡುತ್ತಾಳೆ, ಆದರೆ ಪಿಸುಪಿಸು ಅಷ್ಟೇ. ಕಿವಿ ಹತ್ತಿರ ತಂದರೆ ಕೇಳುತ್ತದೆ. ಮೊದಲು ದುಃಖಕ್ಕೆ ಹೀಗೆ, ಸರಿಹೋಗುತ್ತದೆ ಎಂದುಕೊಂಡೆವು. ಗಾಳಿ ಎಂದವರ ಮಾತು ಕೇಳಿ ತಾಯಿತ ಕಟ್ಟಿಸಿದೆವು. ಮೈಸೂರಿನಲ್ಲಿ ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ ಏನೂ ಇಲ್ಲ ಎಂದರು. ರಿಸಲ್ಟು ಬಂತು, ಫಸ್ಟ್ ಕ್ಲಾಸು. ಎರಡು ವರ್ಷಕ್ಕೆ ಮಾರ್ಕಿನ ಮೇಲೆ ಕೆಲಸದ ಆರ್ಡರೂ ಬಂತು, ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿ ಸ್ಕೂಲಿಗೆ. ನಾನು ಯಾವುದಕ್ಕಾಗಿ ಅವಳ ಅವ್ವನ ಮುಖ ತಪ್ಪಿಸಿದ್ದೆನೋ ಅದು ಮನೆ ಬಾಗಿಲಿಗೇ ಬಂತು.

ಒಂಬತ್ತು ದಿನ ಹೋದಳು. ನಲವತ್ತು ಮಕ್ಕಳ ಮುಂದೆ ನಿಂತು ಬೋರ್ಡಿನ ಮೇಲೆ ಬರೆಯುತ್ತಿದ್ದಳಂತೆ. ಪಾಠ ಹೇಳಲು ಬಾಯಿ ತೆಗೆದರೆ ಮೊದಲ ಸಾಲಿನ ಮಗುವಿಗೂ ಕೇಳುತ್ತಿರಲಿಲ್ಲ. ಹತ್ತನೇ ದಿನ ಅಲ್ಲಿನ ಹೆಡ್‌ಮೇಷ್ಟ್ರು ತಾವೇ ಬಸ್ಸಿನಲ್ಲಿ ಕರೆದುಕೊಂಡು ಬಂದು ಬಿಟ್ಟರು. ಒಳ್ಳೆಯ ಮನುಷ್ಯ. ಕಾಫಿ ಕುಡಿದು, “ಮಕ್ಕಳು ಗಲಾಟೆ ಮಾಡ್ತಾವೆ, ಈ ಮಗೂಗೆ ತಡ್ಕೊಳ್ಳೋಕೆ ಆಗಲ್ಲಮ್ಮ. ವಾಸಿ ಮಾಡ್ಸಿ ಕಳಿಸಿ” ಎಂದು ಕೈಮುಗಿದು ಹೋದರು.

ಅವರು ಹೇಳಿದ ಮೇಲೆಯೇ ಮೈಸೂರಿನಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು. ಹೆಂಗಸು, ಚಿಕ್ಕ ವಯಸ್ಸು. ಸವಿತಳ ಕೈಗೆ ಒಂದು ದಿಂಬು ಕೊಟ್ಟು, “ಇದಕ್ಕೆ ಮುಖ ಒತ್ತಿಕೊಂಡು ಎಷ್ಟು ಜೋರಾಗಿ ಬೇಕಾದ್ರೂ ಕೂಗಮ್ಮ” ಎಂದರು. ಸವಿತ ದಿಂಬನ್ನು ಮಡಿಲಲ್ಲಿಟ್ಟುಕೊಂಡು, ಅದರ ಚೀಲದಿಂದ ಎದ್ದಿದ್ದ ದಾರವನ್ನು ಒಳಕ್ಕೆ ತೂರಿಸುತ್ತಾ ಕೂತಳು. ಡಾಕ್ಟರು ಅವಳನ್ನು ಹೊರಗೆ ಕಳಿಸಿ ನನ್ನನ್ನು ಕೇಳಿದರು. ನಡೆದದ್ದೆಲ್ಲ ಹೇಳಿ ಬೆರಳಿನ ಗಾಯದ ಗುರುತು ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಜ್ಜಿ, ಒಂದು ಕೂಗು ಅರ್ಧಕ್ಕೆ ನಿಂತುಬಿಟ್ಟಿದೆ” ಎಂದರು. “ಯಾರೂ ಇಲ್ಲದ ಕಡೆ ಕರ್ಕೊಂಡು ಹೋಗಿ. ನೀವೇ ಮೊದಲು ಕೂಗಿ ತೋರಿಸಿ. ನಿಲ್ಲಿಸಿದವರು ನೀವಲ್ವಾ, ನೀವು ಕೂಗಿದ್ರೆ ಅವಳಿಗೆ ಧೈರ್ಯ ಬರಬಹುದು.”

ಮರುವಾರ ತೊಣ್ಣೂರು ಕೆರೆಗೆ ಹೋದೆವು, ನಾನು, ಅವಳು ಇಬ್ಬರೇ. ಬೆಳಗಿನ ಹತ್ತು ಗಂಟೆ, ಒಳ್ಳೆ ಬಿಸಿಲು. ನೀರಿನ ಹತ್ತಿರ ಬಂಡೆಯ ಮೇಲೆ ಕೂತೆವು. ಒಂದು ನರಪಿಳ್ಳೆಯೂ ಇರಲಿಲ್ಲ.

“ಕೂಗಮ್ಮಿ. ಇಲ್ಲಿ ಯಾರವ್ರೆ? ನಿಂಗೆ ಎಂಗ್ ಬೇಕೋ ಅಂಗೆ ಕೂಗು” ಎಂದೆ.

ಅವಳು ನೀರನ್ನು ನೋಡುತ್ತಾ ಕೂತಿದ್ದಳು.

ಸರಿ, ನಾನೇ ಎತ್ತಿಕೊಂಡೆ. “ಗೌರೀ, ಕುಡ್ಲು ಅಂಗೇ ಅದೆ, ಇಡಿಯೋ ಕೈ ಎಲ್ಲವ್ವಾ. ಮಗ್ಳು ಬಂದವ್ಳೆ, ತಲೆ ಬಾಚೋ ಕೈ ಎಲ್ಲವ್ವಾ.” ಎರಡು ಸಾಲು ಸರಾಗವಾಗಿ ಬಂತು. ಮೂರನೇ ಸಾಲಿಗೆ ಮಾತು ಸಿಗಲಿಲ್ಲ. ಊರೂರಿನ ಹೆಣದ ಮುಂದೆ ಸಾಲಿನ ಮೇಲೆ ಸಾಲು ಕಟ್ಟಿದವಳಿಗೆ ಒಂದು ಮಾತೂ ಸಿಗಲಿಲ್ಲ. ಬರೀ ಕೂಗು ಬಂತು. ಅವತ್ತು ಸವಿತ ಬಾಗಿಲಲ್ಲಿ ಕೂಗಿದ್ದಳಲ್ಲ, ಅಂಥದ್ದೇ. ನೀರಿನ ಮೇಲೆ ಹೋಗಿ ಆಚೆ ಗುಡ್ಡಕ್ಕೆ ಬಡಿದು ವಾಪಸು ಬಂತು. ನಿಲ್ಲಿಸೋಣವೆಂದರೂ ನಿಲ್ಲುತ್ತಿರಲಿಲ್ಲ.

ಆಗ ಸವಿತ ಎದ್ದು ಬಂದಳು. ಅವಳೂ ಕೂಗುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಂದೆ ಮೊಣಕಾಲೂರಿ ಕೂತು, ತನ್ನ ಅಂಗೈಯನ್ನು ನನ್ನ ಬಾಯಿಯ ಮೇಲಿಟ್ಟಳು. ಒತ್ತಲಿಲ್ಲ, ಮೆತ್ತಗೆ ಇಟ್ಟಳು. ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

“ಕೂಗ್ಬ್ಯಾಡ ಕಣಜ್ಜಿ. ಅವ್ವ ತಿರುಗಿ ನೋಡ್ಬುಡ್ತಾಳೆ.”

ಸಿಟ್ಟಿನಿಂದ ಹೇಳಲಿಲ್ಲ. ನಂಬಿಕೊಂಡು ಹೇಳಿದಳು. ನಾನು ಹೇಳಿಕೊಟ್ಟದ್ದನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು.

“ತಿರುಗ್ಲಿ ಬುಡಮ್ಮಿ, ನೋಡ್ಲಿ, ಅವ್ಳೂ ನೋಡ್ಲಿ” ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. ಬಸ್ಸಿಗೆ ಹೊತ್ತಾಯಿತು ಎಂದಳು.

ಇದಾಗಿ ಎರಡು ವರ್ಷ. ಇನ್ನೂ ಎರಡು ಸಲ ಡಾಕ್ಟರ ಹತ್ತಿರ ಹೋದೆವು. ಆಮೇಲೆ ಅವಳೇ ಸಾಕು ಎಂದಳು. ಕೆಲಸ ಹೋಯಿತು. ಈಗ ಕುಲುಮೆಯಲ್ಲಿ ಅಪ್ಪನಿಗೆ ಗಾಳಿ ಚಕ್ರ ತಿರುಗಿಸುತ್ತಾಳೆ. ಸುತ್ತಿಗೆ ಸದ್ದಿಗೆ ಹಾಡು ಕೂಡುವುದಿಲ್ಲ.

ನಾನು ಸಾವಿನ ಮನೆಗೆ ಹೋಗಿ ಅಳುವುದನ್ನು ಬಿಟ್ಟಿದ್ದೇನೆ. ಕರೆಯಲು ಬಂದವರನ್ನು ಒಂದೇ ಮಾತು ಕೇಳುತ್ತೇನೆ: “ಮಕ್ಕಳಿಗೆ ಯೋಳಿ ಕಳ್ಸಿದ್ರಾ?” ಪರೀಕ್ಷೆ, ಮದುವೆ ಮಾತುಕತೆ ಎಂದೆಲ್ಲ ಹೇಳುತ್ತಾರೆ. ನನ್ನ ಬೆರಳು ತೋರಿಸುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಮುದುಕಿಗೆ ಅರಳು ಮರಳು ಎಂದು ಹೋಗುತ್ತಾರೆ.

ಸಂಜೆಯಾದರೆ ಕಾರ್ಖಾನೆಯ ಸೈರನ್ನು ಕೂಗುತ್ತದೆ. ಅದು ನಿಂತ ಮೇಲೂ ನಾನು ತಕ್ಷಣ ದೀಪ ಹಚ್ಚುವುದಿಲ್ಲ. ಕಡ್ಡಿಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಕತ್ತಲಲ್ಲೇ ಕೂತಿರುತ್ತೇನೆ. ಸವಿತ ಬಾಗಿಲ ಹತ್ತಿರ, ಅವತ್ತು ನಾನು ಅವಳನ್ನು ಒತ್ತಿ ಹಿಡಿದಿದ್ದ ಗೋಡೆಗೇ ಒರಗಿ ಕೂತು ಅಕ್ಕಿ ಆರಿಸುತ್ತಿರುತ್ತಾಳೆ. ಅಕ್ಕಿ ಕಾಣದಷ್ಟು ಕತ್ತಲಾಗುವವರೆಗೂ ಅವಳ ಕೂಗಿಗೆ ಕಾಯುತ್ತೇನೆ. ಕೊನೆಗೆ ಅವಳೇ ಎದ್ದು ಬಂದು, ನನ್ನ ಕೈಯಿಂದ ಕಡ್ಡಿಪೊಟ್ಟಣ ತೆಗೆದುಕೊಂಡು, ದೀಪ ಹಚ್ಚಿ ಹೋಗುತ್ತಾಳೆ.