ಜಿಪ್ ಹಚ್ಚಿದವಳ ಹೆಸರು

ರಾಯದುರ್ಗದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಕೆಲಸ ನನ್ನದಾಗಿತ್ತು. ಮನೆಗಳಲ್ಲಿ ಹೊಲಿಸಿ ತಂದ ಪ್ಯಾಂಟುಗಳ ಬಂಡಲ್‌ನ ನಂಬರ್ ಒತ್ತಿದರೆ, ಹೊಸದಾಗಿ ಹಾಕಿಸಿದ್ದ ಅಪ್ಲಿಕೇಶನ್ ಡೇಟಾಬೇಸ್‌ನ ಹೆಸರು ಹುಡುಕಿಕೊಡುವ ‘ಫಂಕ್ಷನ್’ ಎಂಬ ಪುಟ್ಟ ಪ್ರೋಗ್ರಾಂ ಕರೆದು, ಹೊಲಿದವರು ಯಾರೆಂದು ಕೇಳಿ, ಬಂಡಲನ್ನು ವಾಷಿಂಗಿಗೆ ಬಿಡುತ್ತಿತ್ತು. ಒಂದು ಬೆಳಿಗ್ಗೆ ಕೆಲವು ಬಂಡಲ್‌ಗಳನ್ನು ಬಿಡಲೇ ಇಲ್ಲ.

ಸಾಫ್ಟ್‌ವೇರ್ ಮಾಡಿಕೊಟ್ಟವನು ಫೋನಿನಲ್ಲಿ, "ನಿಮ್ಮ ಎಂಟ್ರಿನೇ ತಪ್ಪು ಮೇಡಂ," ಎಂದ. ನನಗೆ ರೇಗಿತು. ಅಪ್ಲಿಕೇಶನ್ ಬದಿಗಿಟ್ಟು, ಫಂಕ್ಷನ್ನನ್ನು ನೇರವಾಗಿ ಡೇಟಾಬೇಸಿನಲ್ಲೇ ಓಡಿಸಿದೆ. ಅದು ಸರಿಯಾಗಿಯೇ ಉತ್ತರ ಕೊಟ್ಟಿತು: ನಿಂತ ಪ್ರತಿ ಬಂಡಲಿಗೂ ಎರಡು ಹೆಸರು. ನಮ್ಮಲ್ಲಿ ಓರಗಿತ್ತಿಯರು ಒಂದೇ ಬಂಡಲ್ ಹಂಚಿಕೊಳ್ಳುತ್ತಾರೆ; ಒಬ್ಬಳು ಕಾಲು ಹೊಲಿದರೆ ಇನ್ನೊಬ್ಬಳು ಜಿಪ್ ಹಚ್ಚುತ್ತಾಳೆ. ಅಪ್ಲಿಕೇಶನ್‌ನಲ್ಲಿ ಇದ್ದುದು ಒಂದೇ ಹೆಸರಿಗೆ ಜಾಗ.

"ಹಾಗಾದ್ರೆ ಎರಡನೇ ಹೆಸರು ಅಳಿಸಿಬಿಡಿ," ಎಂದ.

"ಯಾಕ ಅಳಿಸ್ಬೇಕ್ರಿ? ಜಿಪ್ ಇಲ್ಲದ ಪ್ಯಾಂಟು ನೀವು ಹಾಕ್ಕೊಂತೀರೇನ್ರಿ? ನಾ ಅಳಿಸಂಗಿಲ್ಲ. ನೀವ ಜಾಗ ಮಾಡ್ರಿ."

ಸಂಜೆಯವರೆಗೂ ಬಂಡಲ್‌ಗಳು ಬಾಗಿಲಲ್ಲೇ ಬಿದ್ದಿದ್ದವು. ಮಾಲೀಕರು ಗೊಣಗಿದರು, ನಾನು ಕೀಬೋರ್ಡ್ ಮುಟ್ಟಲಿಲ್ಲ. ಕೊನೆಗೆ ಅವನೇ ಜಾಗ ಮಾಡಿದ.

ಆ ಎರಡನೇ ಹೆಸರುಗಳಲ್ಲಿ ಒಂದು ನನ್ನ ಅವ್ವನದು ಎಂದು ಅವನಿಗೆ ಹೇಳಲಿಲ್ಲ. ಬೇರೆ ಯಾರದಾಗಿದ್ದರೂ ನಾನು ಅಳಿಸುತ್ತಿರಲಿಲ್ಲ.