ಹಲಗೆ ಇಳಿಸುವ ಕಿಟಕಿ

ಮೊನ್ನೆ ಖಡಕಿಯ ಉಡುಪಿ ಹೋಟೆಲಿನಲ್ಲಿ ಬೆಣ್ಣೆದೋಸೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಇಪ್ಪತ್ತು ವರ್ಷ ಹಿಂದಕ್ಕೆ ಜಾರಿಬಿಟ್ಟೆ. ಅಡುಗೆಮನೆಗೂ ನಮಗೂ ನಡುವೆ ಒಂದು ಚೌಕ ಕಿಟಕಿ. ಆಚೆ ಹಬೆ, ಈಚೆ ಹಸಿವು. ನೀವೂ ಇಂಥ ಕಿಟಕಿಯ ಮುಂದೆ ಕಣ್ಣರಳಿಸಿ ಕೂತವರೇ ಇರಬೇಕು.

ಆಗ ನಾನು ಧಾರವಾಡ ಕಡೆಯ ಮಾಲತಿಬಾಯಿಯವರ ಕೈಕೆಳಗೆ ಕೆಲಸಕ್ಕಿದ್ದೆ. ಆಫೀಸಿನ ಗುಮಾಸ್ತರೂ ಹತ್ತು ಸಾಲು ಬರೆದು ಕಂಪ್ಯೂಟರನ್ನು ದುಡಿಸಿಕೊಳ್ಳಬೇಕು ಎಂಬ ಹಟದಿಂದ ಅವರು ಪುಟ್ಟದೊಂದು ಸ್ಕ್ರಿಪ್ಟಿಂಗ್ ಭಾಷೆ ಕಟ್ಟುತ್ತಿದ್ದರು. ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದರ ಫಲವನ್ನು ಇನ್ನೊಂದಕ್ಕೆ ದಾಟಿಸುವ ದಾರಿಗೆ ಚಾನೆಲ್ ಎನ್ನುತ್ತಾರೆ. ಆ ಭಾಗ ನನ್ನ ಪಾಲಿಗೆ ಬಂದಿತ್ತು. ನಾನೋ ಮಹಾ ಬುದ್ಧಿವಂತ! ಹದಿನೇಳು ಆಜ್ಞೆಗಳನ್ನು ಹೊಸೆದು ಎದೆಯುಬ್ಬಿಸಿಕೊಂಡು ಹೋದೆ.

"ಇದೇನ್ರಿ, ಲಗ್ನದ ಯಾದಿ ಬರದೀರಲ್ಲ! ಒಂದು ಹಾಳ್ಯಾಗ ಹಿಡೀಬೇಕು. ಇಲ್ಲಂದ್ರ ಈ ಭಾಗನ ಬ್ಯಾಡ," ಎಂದರು. ನನ್ನ ಮುಖ ಬಾಡಿದ್ದು ನೋಡಿ, "ಏಳ್ರಿ, ದೋಸಿ ತಿನ್ನೂಣು," ಎಂದು ಇದೇ ಹೋಟೆಲಿಗೆ ಕರೆತಂದರು.

ಹೊರಗೆ ಜಿಟಿಜಿಟಿ ಮಳೆ, ಒಳಗೆ ಮಂಜಿನಂಥ ಹಬೆ. ಕಿಟಕಿಯ ಕಟ್ಟೆಯ ಮೇಲೆ ನಾಲ್ಕೇ ತಟ್ಟೆಗೆ ಜಾಗ. ಕಟ್ಟೆ ತುಂಬಿದರೆ ಅಡುಗೆಯ ಶೀನಣ್ಣ ಸೌಟು ಕೆಳಗಿಟ್ಟು ನಿಲ್ಲುತ್ತಿದ್ದ. ಬರಿದಾದರೆ ಬಡಿಸುವವನು ನಿಲ್ಲುತ್ತಿದ್ದ. ಕೂಗಾಟವಿಲ್ಲ. ಯಾಕೆ ನಿಂತೆ ಎಂದು ಕೇಳಿದ್ದಕ್ಕೆ ಶೀನಣ್ಣ, "ಜಾಗ ಇಲ್ಲದೆ ಹೊಯ್ದರೆ ದೋಸೆ ತಣೀತದೆ ಮಾರಾಯ್ರೆ," ಎಂದ. ಚಾನೆಲ್ಲೂ ಇಂಥದೇ ಕಿಟಕಿಯಲ್ಲವೇ! ಜೇಬಿನಲ್ಲಿದ್ದ ನನ್ನ ಯಾದಿಯ ಹಾಳೆಯೊಂದರ ಹಿಂಬದಿಗೆ ಎರಡೇ ಮಾತು ಬರೆದೆ: ಇಡು, ತೆಗೆ. ಕನಸಿನಲ್ಲಿದ್ದವನಂತೆ ಕೂತುಬಿಟ್ಟೆ.

ಅಷ್ಟರಲ್ಲಿ ಮೂರು ಗಂಟೆಯಾಯಿತು. ಶೀನಣ್ಣ ಕಿಟಕಿಗೆ ಹಲಗೆ ಇಳಿಸಿದ. ಕಾಯುತ್ತಿದ್ದ ಗಿರಾಕಿಗಳು ಬೇಜಾರಿಲ್ಲದೆ ಎದ್ದು ಹೋದರು.

"ನಿಮ್ಮ ಹದಿನೇಳರಾಗ ಈ ಹಲಗಿ ಎಲ್ಲಿ ಅದ?" ಮಾಲತಿಬಾಯಿ ಕೇಳಿದರು. "ಇನ್ನ ಬರೂದಿಲ್ಲ ಅಂತ ತಿಳೀದಿದ್ರ, ಪಾಪ, ಕಾಯಾಂವ ಕಾಯಕೋತನ ಇರತಾನ."

ನಾಚಿಕೆಯಿಂದ ಮೂರನೆಯ ಮಾತು ಸೇರಿಸಿದೆ: ಮುಚ್ಚು. ಅರ್ಧ ಹಾಳೆಯಲ್ಲೇ ಮುಗಿಯಿತು.

ಮುಂದೆ ನಾನು ಬೇರೆ ಕಂಪನಿಗೆ ಹೋದೆ. "ಭಾಷಾ ಇನ್ನೂ ಅರ್ಧ ಆಗೇದ. ಒಬ್ಬಾಕಿಗೆ ನೀಗೂದಿಲ್ಲ. ಆಯಿತವಾರ ಬರತೀರೇನು?" ಎಂದು ಅವರು ಕೇಳಿದರು. ಭಾನುವಾರ ಬರಲು ಆಗುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಆದರೆ ನಮ್ಮಲ್ಲಿ ದೊಡ್ಡವರ ಮುಖಕ್ಕೆ ಇಲ್ಲವೆನ್ನುವ ರೂಢಿ ಎಲ್ಲಿದೆ ಹೇಳಿ? "ಹೇಳತೀನ್ರಿ," ಎಂದೆ. ಹೇಳಲೇ ಇಲ್ಲ. ಮೊದಲು ಸೋಮಾರಿತನ, ಆಮೇಲೆ ಸಂಕೋಚ. ವರ್ಷಗಳು ಹಾಗೇ ಸರಿದುಹೋದವು.

ಮೊನ್ನೆ ನಾನು ದೋಸೆ ಮುಗಿಸುವಷ್ಟರಲ್ಲಿ ಆ ಕಿಟಕಿಗೆ ಹಲಗೆ ಇಳಿಯಿತು. ಅಲ್ಲೇ ಕೂತು ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ.

"ಮಾಲತಿಬಾಯಿ, ಆಯಿತವಾರ ಬರಾಕ ಆಗೂದಿಲ್ರಿ ಅಂತ ಹೇಳಬೇಕಾಗಿತ್ತು," ಎಂದೆ.

ಅತ್ತ ಕಡೆಯಿಂದ ನಗು ಕೇಳಿಸಿತು.

"ಎರಡು ವರ್ಷ ಆಯಿತವಾರಕ್ಕೊಮ್ಮೆ ಎರಡು ಕಪ್ ಚಹಾ ಇಟ್ಟೆನ್ರಿ. ಆಮ್ಯಾಲೆ ನಾನ ಹಲಗಿ ಇಳಿಸಿದೆ."